ಪಾಲಿಥೀನ್‌ಗಿಂತ ಹಳೆಯದು ಕೊಳೆಯುವ ಪ್ಲಾಸ್ಟಿಕ್

ಎರಡು ಮಳೆಗಾಲಗಳ ಹಿಂದೆ ಪೇಟೆಯ ಬಟ್ಟೆಯಂಗಡಿಯೊಂದರಲ್ಲಿ ನನಗೊಂದು ಚೀಲ ಸಿಕ್ಕಿತು. ನೋಡಲು, ಮುಟ್ಟಲು ಪ್ಲಾಸ್ಟಿಕ್ಕೇ. ಆದರೆ ಅದರ ಮೇಲೆ ಹಸಿರು ಎಲೆಯ ಚಿತ್ರವಿತ್ತು, ಮಣ್ಣಿನಲ್ಲಿ ಕರಗುತ್ತದೆ ಎಂಬ ಒಂದು ಸಾಲೂ ಇತ್ತು. ಅಂಗಡಿಯವರು ಹೆಮ್ಮೆಯಿಂದಲೇ ಅದನ್ನು ಕೊಟ್ಟರು. ನಾನೂ ಅಷ್ಟೇ ನಂಬಿಕೆಯಿಂದ ಮನೆಗೆ ತಂದು, ಕೆಲಸ ಮುಗಿದ ಮೇಲೆ ಹಿತ್ತಿಲಿನ ಗೊಬ್ಬರದ ಗುಂಡಿಗೆ ಹಾಕಿದೆ. ಮೊನ್ನೆ ಗುಂಡಿ ತೆಗೆದಾಗ ಅಡುಗೆ ಮನೆಯ ಸಿಪ್ಪೆ, ಸೊಪ್ಪು, ತರಗೆಲೆ ಎಲ್ಲವೂ ಕಪ್ಪು ಮಣ್ಣಾಗಿದ್ದವು. ಚೀಲ ಮಾತ್ರ ಹಾಗೆಯೇ ಇತ್ತು. ಹಸಿರು ಎಲೆಯ ಬಣ್ಣ ಸ್ವಲ್ಪ ಮಾಸಿತ್ತು, ಅಷ್ಟೆ.

ಅಂಗಡಿಯವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಅವರಿಗೆ ಚೀಲ ಮಾರಿದವರು ಹೇಳಿದ್ದನ್ನೇ ಅವರು ನನಗೆ ಹೇಳಿದ್ದರು. ಆದರೆ ಮಣ್ಣು ಮೆತ್ತಿದ ಆ ಚೀಲವನ್ನು ಕೈಯಲ್ಲಿ ಹಿಡಿದು ನಿಂತಾಗ ಒಂದು ಪ್ರಶ್ನೆ ಕಾಡಿತು. ಚಂದ್ರನ ಮೇಲೆ ಕಾಲಿಟ್ಟು ಬಂದ ಮನುಷ್ಯನಿಗೆ ಕೊಳೆಯುವ ಒಂದು ಚೀಲ ಮಾಡುವುದು ಇಷ್ಟು ಕಷ್ಟವೇ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಸಿಗುವ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ಕೊಳೆಯುವ ಪ್ಲಾಸ್ಟಿಕ್ ಇಂದಿನ ಸಂಶೋಧನೆಯಲ್ಲ. ಅದು 1926ರಷ್ಟು ಹಳೆಯದು. ಇಂದು ಜಗತ್ತನ್ನು ಕಾಡುತ್ತಿರುವ ಪಾಲಿಥೀನ್ ಹುಟ್ಟಿದ್ದು ಅದಾಗಿ ಏಳು ವರ್ಷಗಳ ಬಳಿಕ. ಅಂದರೆ ರೋಗಕ್ಕಿಂತ ಮೊದಲೇ ಮದ್ದು ಸಿಕ್ಕಿತ್ತು. ಆ ಮದ್ದು ಬಳಕೆಗೆ ಬಾರದೆ ಹೋದದ್ದು ರಸಾಯನಶಾಸ್ತ್ರದ ಸೋಲಿನಿಂದಲ್ಲ. ಪೆಟ್ರೋಲಿಯಂನ ಬೆಲೆ ಮತ್ತು ನಾವು ಎಸೆದ ವಸ್ತು ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಎಂಬ ಸಂಗತಿ, ಇವೆರಡೇ ಅದರ ಹಣೆಬರಹವನ್ನು ಬರೆದವು.

ಪ್ಲಾಸ್ಟಿಕ್ ಎಂದರೆ ಪೆಟ್ರೋಲಿಯಂನಿಂದ ಬಂದದ್ದು ಎಂದು ನಾವು ತಿಳಿದಿದ್ದೇವೆ. ವಸ್ತುತಃ ಬಿಸಿ ಮಾಡಿದಾಗ ಮೆದುವಾಗಿ, ಬೇಕಾದ ಆಕಾರಕ್ಕೆ ಒಗ್ಗಿ, ಆರಿದಾಗ ಗಟ್ಟಿಯಾಗುವ ವಸ್ತುಗಳು ನಮ್ಮ ನಾಡಿಗೆ ಹೊಸತಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಅಂಥದ್ದೇ ಒಂದು ವಸ್ತು. ಮರದ ಮೇಲಿನ ಪುಟ್ಟ ಕೀಟ ಸ್ರವಿಸುವ ಅಂಟು ಅದು. ನಮ್ಮ ಅಜ್ಜಂದಿರು ಕೇಳಿದ ಗ್ರಾಮಾಫೋನ್ ತಟ್ಟೆಗಳನ್ನೂ ಅರಗಿನಿಂದಲೇ ಮಾಡುತ್ತಿದ್ದರು. ಅದಕ್ಕೆ ಬೇಕಾದ ಅರಗಿನ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1869ರ ಸುಮಾರಿಗೆ ಹತ್ತಿಯ ನಾರಿನಿಂದ ಸೆಲ್ಯುಲಾಯ್ಡ್ ಮಾಡಲು ಹೊರಟದ್ದು ಬಿಲಿಯರ್ಡ್ಸ್ ಚೆಂಡಿಗೆ ಆನೆಯ ದಂತ ಸಾಲದಾದಾಗ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಹಾಲಿನ ಪ್ರೋಟೀನಿನಿಂದ ಗುಂಡಿಗಳನ್ನೂ ಬಾಚಣಿಗೆಗಳನ್ನೂ ಮಾಡುವ ವಿಧಾನ ಬಂತು. 1941ರಲ್ಲಿ ಹೆನ್ರಿ ಫೋರ್ಡ್ ಸೋಯಾ ಮುಂತಾದ ಬೆಳೆಗಳಿಂದ ಮಾಡಿದ ಪ್ಲಾಸ್ಟಿಕ್ ಹಲಗೆಗಳನ್ನು ಹೊದಿಸಿದ ಕಾರೊಂದನ್ನು ಜನರ ಮುಂದಿಟ್ಟಿದ್ದ. ಹೊಲದಿಂದ ಬಂದ ಪ್ಲಾಸ್ಟಿಕ್ಕೇ ಮೊದಲನೆಯದು. ತೈಲಬಾವಿಯಿಂದ ಬಂದದ್ದು ಆನಂತರದ್ದು.

ಇನ್ನು 1926ರ ವಿಷಯಕ್ಕೆ ಬರೋಣ. ಫ್ರಾನ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮಾರಿಸ್ ಲೆಮೋನ್ಯೆ ಎಂಬ ವಿಜ್ಞಾನಿ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾವನ್ನು ಅಭ್ಯಸಿಸುತ್ತಿದ್ದರು. ಅದರ ಹೊಟ್ಟೆಯೊಳಗೆ ಸಣ್ಣ ಸಣ್ಣ ಕಣಗಳು ಕಾಣುತ್ತಿದ್ದವು. ನಾವು ಹೆಚ್ಚು ಉಂಡದ್ದು ಮೈಯಲ್ಲಿ ಕೊಬ್ಬಾಗಿ ಕೂಡುತ್ತದಲ್ಲವೇ? ಹಾಗೆಯೇ ಈ ಜೀವಿಗಳು ಸಕ್ಕರೆ ಧಾರಾಳವಾಗಿದ್ದು ಬೇರೆ ಪೋಷಕಾಂಶ ಕಡಿಮೆಯಾದಾಗ ಮುಂದಿನ ಬರಗಾಲಕ್ಕೆಂದು ಈ ಕಣಗಳನ್ನು ಕೂಡಿಡುತ್ತವೆ. ಲೆಮೋನ್ಯೆ ಅದನ್ನು ಬೇರ್ಪಡಿಸಿ ನೋಡಿದರು. ಅದೊಂದು ಉದ್ದ ಸರಪಳಿಯ ಅಣು. ಕರಗಿಸಿ ಹಾಳೆಯಾಗಿ ಎರಕ ಹೊಯ್ಯಬಹುದಾದ ವಸ್ತು. ಅದರ ಉದ್ದನೆಯ ರಾಸಾಯನಿಕ ಹೆಸರನ್ನು ಚಿಕ್ಕದಾಗಿಸಿ ಪಿಎಚ್‌ಬಿ ಎನ್ನುತ್ತಾರೆ. ಅದನ್ನು ಕಟ್ಟಿದ್ದು ಸೂಕ್ಷ್ಮಜೀವಿ. ಆದ್ದರಿಂದ ಅದನ್ನು ಬಿಡಿಸುವ ಕೀಲಿಕೈಯೂ ಸೂಕ್ಷ್ಮಜೀವಿಗಳ ಬಳಿಯೇ ಇದೆ. ಮಣ್ಣಿಗೆ ಬಿದ್ದರೆ ಅವು ಅದನ್ನು ಮತ್ತೆ ತಿಂದು ಮುಗಿಸುತ್ತವೆ. ಲೆಮೋನ್ಯೆ ತಾವು ಕಂಡದ್ದನ್ನು ಬರೆದು ಪ್ರಕಟಿಸಿದರು. ಅದು ಸೂಕ್ಷ್ಮಜೀವಿ ಶಾಸ್ತ್ರದ ಪತ್ರಿಕೆಗಳಲ್ಲೇ ಉಳಿಯಿತು. ಚೀಲ ಮಾಡುವವರು ಆ ಪತ್ರಿಕೆಗಳನ್ನು ಓದುವವರಲ್ಲ. ಆಗ ಚೀಲದ ಕಸ ಎಂಬ ಸಮಸ್ಯೆಯೂ ಇರಲಿಲ್ಲ.

1933ರ ಮಾರ್ಚ್ 27ರಂದು ಇಂಗ್ಲೆಂಡಿನ ವಿನಿಂಗ್ಟನ್ ಎಂಬಲ್ಲಿ, ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬಿಬ್ಬರು ಎಥಿಲೀನ್ ಅನಿಲವನ್ನು ಇನ್ನೊಂದು ರಾಸಾಯನಿಕದೊಂದಿಗೆ ಭಾರೀ ಒತ್ತಡದಲ್ಲಿ ಸೇರಿಸಲು ಹೊರಟಿದ್ದರು. ಅವರು ಬಯಸಿದ್ದು ಸಿಗಲಿಲ್ಲ. ಪಾತ್ರೆಯ ಗೋಡೆಗೆ ಮೇಣದಂತಹ ಬಿಳಿಯ ವಸ್ತು ಅಂಟಿಕೊಂಡಿತ್ತು. ಅದೇ ಪಾಲಿಥೀನ್. ಕೆಲಕಾಲ ಅದನ್ನು ಮತ್ತೆ ಮಾಡಲು ಯಾರಿಂದಲೂ ಆಗಲಿಲ್ಲ. 1935ರ ಕೊನೆಯಲ್ಲಿ ಅದರ ಹದ ಸಿಕ್ಕಿತು. ದೊಡ್ಡ ಪ್ರಮಾಣದ ತಯಾರಿಕೆ ಆರಂಭವಾದದ್ದು 1939ರಲ್ಲಿ, ಎರಡನೇ ಮಹಾಯುದ್ಧ ತೊಡಗಿದ ಹೊತ್ತಿಗೆ. ರಾಡಾರ್ ತಂತಿಗಳಿಗೆ ಹೊದಿಸಲು ಅದಕ್ಕಿಂತ ಹಗುರವಾದ, ಉತ್ತಮವಾದ ವಸ್ತು ಬೇರೆ ಇರಲಿಲ್ಲ. ಹೀಗೆ ಯುದ್ಧದ ರಹಸ್ಯವಾಗಿದ್ದ ವಸ್ತು ಯುದ್ಧ ಮುಗಿದ ಮೇಲೆ ಅಡುಗೆಮನೆಗೆ ಬಂತು. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಎರಡು ಹಿಡಿಕೆಯ, ಹೊಲಿಗೆಯಿಲ್ಲದ ಚೀಲವನ್ನು ರೂಪಿಸಿದರು. ನಾವು ಮೀನು ಮಾರುಕಟ್ಟೆಯಲ್ಲಿ ದಿನವೂ ಕಾಣುವ ಚೀಲದ ಮೂಲ ಅದೇ.

ಪಾಲಿಥೀನ್ ಏಕೆ ಕೊಳೆಯುವುದಿಲ್ಲ? ಅದರ ಬೆನ್ನೆಲುಬು ಬರೀ ಇಂಗಾಲದ ಸರಪಳಿ. ಇಂಗಾಲಕ್ಕೆ ಇಂಗಾಲ, ಅದಕ್ಕೆ ಮತ್ತೊಂದು ಇಂಗಾಲ, ಹೀಗೆ ಸಾವಿರಾರು. ಸೂಕ್ಷ್ಮಜೀವಿಯ ಕಿಣ್ವಕ್ಕೆ ಕೈ ಹಾಕಿ ಬಿಡಿಸಲು ಅಲ್ಲಿ ಸಂದು ಸಿಗುವುದಿಲ್ಲ. ಪಿಎಚ್‌ಬಿಯ ಸರಪಳಿಯಲ್ಲಾದರೋ ಸ್ವಲ್ಪ ಸ್ವಲ್ಪ ದೂರಕ್ಕೆ ಆಮ್ಲಜನಕದ ಒಂದು ಕೊಂಡಿಯಿದೆ. ಕಿಣ್ವ ಅದನ್ನೇ ಹುಡುಕಿ ಕತ್ತರಿಸುತ್ತದೆ. ಈ ಒಂದು ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕತೆ ಸುಲಭವಾಗಿ ಅರ್ಥವಾಗುತ್ತದೆ.

1950ರ ದಶಕದ ಕೊನೆಗೆ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಲೆಮೋನ್ಯೆಯ ವಸ್ತುವನ್ನು ಸ್ವಲ್ಪ ಪ್ರಮಾಣದಲ್ಲಿ ತಯಾರಿಸಿ ನೋಡಿ, ಲಾಭವಿಲ್ಲವೆಂದು ಕೈಬಿಟ್ಟಿತು. ತೈಲ ಅಗ್ಗವಾಗಿದ್ದ ಕಾಲ ಅದು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ರಫ್ತಿಗೆ ತಡೆಯೊಡ್ಡಿದಾಗ ಚಿತ್ರ ಬದಲಾಯಿತು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲಿಯಂ ಇಲ್ಲದೆ ಪ್ಲಾಸ್ಟಿಕ್ ಮಾಡಬಹುದೇ ಎಂದು ಯೋಚಿಸಲು ತೊಡಗಿದವರಲ್ಲಿ ಐಸಿಐ ಮುಖ್ಯವಾದುದು. ಹೌದು, ಪಾಲಿಥೀನನ್ನು ಕಂಡುಹಿಡಿದ ಅದೇ ಐಸಿಐ! ಬಿಲಿಂಗ್‌ಹ್ಯಾಮ್‌ನ ತನ್ನ ಘಟಕದಲ್ಲಿ ದೊಡ್ಡ ಹಂಡೆಗಳಲ್ಲಿ ಬ್ಯಾಕ್ಟೀರಿಯಾ ಸಾಕಿ, ಸಕ್ಕರೆ ತಿನ್ನಿಸಿ, ಅವು ಕೊಬ್ಬಿದ ಮೇಲೆ ಒಡೆದು ಪ್ಲಾಸ್ಟಿಕ್ ತೆಗೆಯುವ ವಿಧಾನವನ್ನು ಅದು ಬೆಳೆಸಿತು. ಪಿಎಚ್‌ಬಿ ತಾನಾಗಿ ಬಹಳ ಪೆಡಸು, ಬೇಗ ಬಿರಿಯುತ್ತದೆ. ಬ್ಯಾಕ್ಟೀರಿಯಾದ ಆಹಾರಕ್ಕೆ ಇನ್ನೊಂದು ಆಮ್ಲವನ್ನು ಬೆರೆಸಿದರೆ ಹೆಚ್ಚು ಬಾಗುವ ಪ್ಲಾಸ್ಟಿಕ್ ಸಿಗುತ್ತದೆಂದು ಅಲ್ಲಿಯ ತಂತ್ರಜ್ಞರು ಕಂಡುಕೊಂಡರು. ಅದಕ್ಕೆ ಬಯೋಪಾಲ್ ಎಂದು ಹೆಸರಿಟ್ಟರು. 1990ರಲ್ಲಿ ಜರ್ಮನಿಯಲ್ಲಿ ವೆಲ್ಲಾ ಕಂಪನಿ ತನ್ನ ಶ್ಯಾಂಪೂವನ್ನು ಬಯೋಪಾಲ್ ಬಾಟಲಿಯಲ್ಲಿ ಮಾರುಕಟ್ಟೆಗೆ ತಂದಿತು. ಲೆಮೋನ್ಯೆ ಕಂಡ ಕಣ ಅಂಗಡಿಗೆ ಬರಲು 64 ವರ್ಷ ಬೇಕಾಯಿತು.

ಆದರೆ ಅಷ್ಟರಲ್ಲಿ ತೈಲದ ಬೆಲೆ ಮತ್ತೆ ಬಿದ್ದಿತ್ತು. 1986ರ ಕುಸಿತದ ನಂತರ ಪೆಟ್ರೋಲಿಯಂ ಪ್ಲಾಸ್ಟಿಕ್ಕಿನೆದುರು ಬಯೋಪಾಲ್ ಹಲವು ಪಟ್ಟು ದುಬಾರಿಯಾಗಿತ್ತು. ಶ್ಯಾಂಪೂ ಕೊಳ್ಳುವವರು ಬಾಟಲಿಗಾಗಿ ಎಷ್ಟು ಹೆಚ್ಚು ಕೊಟ್ಟಾರು? 1996ರಲ್ಲಿ ಮೊನ್ಸಾಂಟೊ ಕಂಪನಿ ಬಯೋಪಾಲನ್ನು ಕೊಂಡುಕೊಂಡಿತು. ಬ್ಯಾಕ್ಟೀರಿಯಾಕ್ಕೆ ಸಕ್ಕರೆ ತಿನ್ನಿಸುವ ಖರ್ಚೇಕೆ, ಸಾಸಿವೆ ಜಾತಿಯ ಗಿಡದೊಳಗೇ ಪ್ಲಾಸ್ಟಿಕ್ ಬೆಳೆಯುವಂತೆ ವಂಶವಾಹಿ ತಿದ್ದಿದರಾಯಿತು ಎಂಬುದು ಅದರ ಲೆಕ್ಕ. ಗಿಡದಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಲೆಕ್ಕಕ್ಕೆ ಸಾಲಲಿಲ್ಲ. ದಶಕ ಮುಗಿಯುವುದರೊಳಗೆ ಅವರೂ ಕೈ ತೊಳೆದುಕೊಂಡರು. 2001ರಲ್ಲಿ ಅದು ಮೆಟಬಾಲಿಕ್ಸ್ ಎಂಬ ಅಮೆರಿಕದ ಕಂಪನಿಯ ಕೈಸೇರಿತು. ಅಯೋವಾ ರಾಜ್ಯದ ಕ್ಲಿಂಟನ್‌ನಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. 2012ರ ಆರಂಭದಲ್ಲಿ ಅದರ ಪಾಲುದಾರ ಕಂಪನಿ ಹಿಂದೆ ಸರಿಯಿತು, ಕಾರ್ಖಾನೆ ನಿಂತಿತು. ಒಂದೇ ವಸ್ತು, ಕೈಯಿಂದ ಕೈಗೆ ದಾಟುತ್ತಾ ಪ್ರತಿಸಲವೂ ಅದೇ ಬೆಲೆಪಟ್ಟಿಯ ಮುಂದೆ ಎಡವಿತು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಬೆಲೆ ಮುಖ್ಯವಲ್ಲದ ಕಡೆ ಕರಗುವ ಪ್ಲಾಸ್ಟಿಕ್ ಯಾವ ಗದ್ದಲವೂ ಇಲ್ಲದೆ ಗೆದ್ದಿದೆ. ಆಪರೇಷನ್ ಮಾಡಿಸಿಕೊಂಡವರಿಗೆ ಹೊಲಿಗೆ ಬಿಚ್ಚಬೇಕಾಗಿಲ್ಲ, ತಾನಾಗಿಯೇ ಕರಗುತ್ತದೆ ಎಂದು ಡಾಕ್ಟರು ಹೇಳುವುದನ್ನು ಕೇಳಿರಬಹುದು. 1970ರ ದಶಕದಿಂದ ಬಳಕೆಗೆ ಬಂದ ಆ ನೂಲು ಕೊಳೆಯುವ ಪ್ಲಾಸ್ಟಿಕ್ಕಿನ ಹತ್ತಿರದ ಸಂಬಂಧಿ. ಅದು ಕರಗಬೇಕಾದ ಜಾಗ ಯಾವುದು, ಅಲ್ಲಿಯ ಉಷ್ಣತೆ ಎಷ್ಟು, ತೇವ ಎಷ್ಟು ಎಂಬುದೆಲ್ಲ ಮೊದಲೇ ಗೊತ್ತು. ಮನುಷ್ಯನ ದೇಹದಷ್ಟು ಖಚಿತವಾದ ಜಾಗ ಇನ್ನಾವುದಿದೆ?

ಎಸೆದ ಚೀಲಕ್ಕೆ ಅಂತಹ ಖಚಿತ ಜಾಗ ಇಲ್ಲ. ಎರಡನೆಯ ತೊಡಕು ಅಲ್ಲಿಂದ ಶುರುವಾಗುತ್ತದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕೆಲವು ಕಂಪನಿಗಳು ಮಾಮೂಲಿ ಪಾಲಿಥೀನಿಗೇ ಬೇರೆ ಪದಾರ್ಥ ಬೆರೆಸಿ, ಇದು ಶಿಥಿಲವಾಗುವ ಚೀಲ ಎಂದು ಮಾರತೊಡಗಿದವು. ಚೀಲ ಚೂರುಚೂರಾಗುತ್ತಿತ್ತು, ನಿಜ. ಚೂರುಗಳು ಮಾತ್ರ ಪಾಲಿಥೀನಾಗಿಯೇ ಉಳಿಯುತ್ತಿದ್ದವು. 1990ರಲ್ಲಿ ಏಳು ರಾಜ್ಯಗಳು ಇಂತಹ ಚೀಲದ ಬಗ್ಗೆ ಮೊಬಿಲ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ಅದೇ ಕಾಲದಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ವಜ್ಞ ವಿಲಿಯಂ ರಾಥ್ಯೆ ಒಂದು ವಿಚಿತ್ರವಾದ ಕೆಲಸದಲ್ಲಿ ತೊಡಗಿದ್ದರು. ಪುರಾತತ್ವಜ್ಞರು ಸಾವಿರಾರು ವರ್ಷ ಹಳೆಯ ದಿಬ್ಬಗಳನ್ನು ಅಗೆಯುತ್ತಾರೆ. ರಾಥ್ಯೆ ನಗರಗಳ ಕಸದ ಗುಡ್ಡೆಗಳನ್ನು ಅಗೆದರು. ದಶಕಗಳ ಹಿಂದೆ ಹೂತ ದಿನಪತ್ರಿಕೆಗಳು ಓದಲು ಬರುವಷ್ಟು ಚೆನ್ನಾಗಿದ್ದವು. ಗಾಳಿಯಾಡದ, ನೀರಿಳಿಯದ ಆ ಗುಡ್ಡೆಗಳಲ್ಲಿ ಕಾಗದವೇ ಕೊಳೆಯುತ್ತಿರಲಿಲ್ಲ! ಹಾಗಿರುವಾಗ ಕೊಳೆಯುವ ಪ್ಲಾಸ್ಟಿಕ್ ಅಲ್ಲಿ ಏನು ಮಾಡೀತು?

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಸಿಗುವ ಕೊಳೆಯುವ ಪ್ಲಾಸ್ಟಿಕ್‌ಗಳಲ್ಲಿ ಒಂದು ಪಿಎಲ್‌ಎ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವೇ ಅದರ ಮೂಲವಸ್ತು. ನೈಲಾನ್ ಕಂಡುಹಿಡಿದ ವ್ಯಾಲೇಸ್ ಕರೋದರ್ಸ್ 1932ರಲ್ಲೇ ಅದನ್ನು ಪ್ರಯೋಗಾಲಯದಲ್ಲಿ ಮಾಡಿದ್ದರು. 2002ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದ ಸಕ್ಕರೆಯಿಂದ ಅದನ್ನು ವರ್ಷಕ್ಕೆ 1 ಲಕ್ಷ 40 ಸಾವಿರ ಟನ್ ತಯಾರಿಸಬಲ್ಲ ಕಾರ್ಖಾನೆ ಆರಂಭವಾಯಿತು. ಇದು ಕೊಳೆಯುವುದು ಸುಳ್ಳಲ್ಲ. ಆದರೆ ಬೇಗ ಕೊಳೆಯಲು ಸುಮಾರು 60 ಡಿಗ್ರಿ ಉಷ್ಣತೆ ವಾರಗಟ್ಟಲೆ ಬೇಕು. ದೊಡ್ಡ ಗೊಬ್ಬರ ಕಾರ್ಖಾನೆಯ ರಾಶಿಯಲ್ಲಿ ಅದು ಸಾಧ್ಯ. ನಮ್ಮ ಹಿತ್ತಿಲಿನ ಗುಂಡಿಯಲ್ಲಿ, ಚರಂಡಿಯಲ್ಲಿ, ಕಡಲಿನಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜೆನ್ ನ್ಯಾಪರ್ ಮತ್ತು ರಿಚರ್ಡ್ ಥಾಂಪ್ಸನ್ ಐದು ಬಗೆಯ ಚೀಲಗಳನ್ನು ಗಾಳಿಗೆ ಒಡ್ಡಿ, ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ ಮೂರು ವರ್ಷ ಕಾದರು. 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೈವಿಕವಾಗಿ ಕರಗುತ್ತದೆ ಎಂದು ಬರೆದುಕೊಂಡಿದ್ದ ಒಂದು ಚೀಲ ಮೂರು ವರ್ಷ ಮಣ್ಣಿನಲ್ಲಿದ್ದ ಬಳಿಕವೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಗೊಬ್ಬರವಾಗುವ ಚೀಲ ಎಂದು ಹೇಳಿಕೊಂಡದ್ದು ಸಮುದ್ರದಲ್ಲಿ ಮೂರು ತಿಂಗಳೊಳಗೆ ಮಾಯವಾಯಿತು, ಮಣ್ಣಿನಲ್ಲಿ 27 ತಿಂಗಳಾದರೂ ಉಳಿದಿತ್ತು. ನನ್ನ ಗುಂಡಿಯ ಚೀಲದ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಚೂರಾಗುವ ಮಾದರಿಯ ಪ್ಲಾಸ್ಟಿಕ್ಕನ್ನಂತೂ ಯುರೋಪಿಯನ್ ಒಕ್ಕೂಟ 2021ರ ಜುಲೈಯಿಂದ ನಿಷೇಧಿಸಿಬಿಟ್ಟಿದೆ.

ಇದೆಲ್ಲ ಶ್ರೀಮಂತ ದೇಶಗಳ ಪ್ರಯೋಗಾಲಯದ ಮಾತಾಯಿತು. ಚೀಲದಿಂದ ನಿಜವಾಗಿ ಪೆಟ್ಟು ತಿಂದ ಊರೊಂದರ ಕತೆ ನೋಡೋಣ. ಢಾಕಾದಲ್ಲಿ 1988 ಮತ್ತು 1998ರ ಮಹಾಪೂರಗಳ ಸಮಯದಲ್ಲಿ ನೀರು ಇಳಿಯದೆ ನಿಂತದ್ದಕ್ಕೆ ಚರಂಡಿಗಳನ್ನು ಮುಚ್ಚಿದ್ದ ಪಾಲಿಥೀನ್ ಚೀಲಗಳೂ ಕಾರಣವೆಂದು ಗುರುತಿಸಲಾಯಿತು. 2002ರಲ್ಲಿ ಬಾಂಗ್ಲಾದೇಶ ತೆಳು ಪಾಲಿಥೀನ್ ಚೀಲವನ್ನು ನಿಷೇಧಿಸಿತು. ಇಡೀ ಜಗತ್ತಿನಲ್ಲೇ ಅಂತಹ ನಿಷೇಧ ತಂದ ಮೊದಲ ದೇಶ ಅದು. ಅದೇ 2002ರ ಜೂನ್ 30ರಂದು, ಢಾಕಾದ ಪಕ್ಕದ ನಾರಾಯಣಗಂಜ್‌ನಲ್ಲಿ ಆದಮ್‌ಜೀ ಸೆಣಬಿನ ಗಿರಣಿಗೆ ಬೀಗ ಬಿತ್ತು. ಒಂದು ಕಾಲದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಸೆಣಬಿನ ಗಿರಣಿ ಎನಿಸಿಕೊಂಡಿದ್ದ ಅದು ವರ್ಷಗಳಿಂದ ನಷ್ಟದಲ್ಲಿತ್ತು. ಸೆಣಬಿನ ಗೋಣಿಯ ಮಾರುಕಟ್ಟೆಯನ್ನು ಕಸಿದುಕೊಂಡವುಗಳಲ್ಲಿ ಪ್ಲಾಸ್ಟಿಕ್ ಮುಖ್ಯವಾದುದು. ಅಂದರೆ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದ ವರ್ಷವೇ, ಅದಕ್ಕೆ ಬದಲಿಯಾಗಬಹುದಾಗಿದ್ದ ನಾರಿನ ಗಿರಣಿಯಿಂದ ಸಾವಿರಾರು ಕಾರ್ಮಿಕರು ಮನೆಗೆ ಹೋದರು.

ಈ ಊರಿನಿಂದಲೇ ಒಂದು ಹೊಸ ಪ್ರಯತ್ನ ಹುಟ್ಟಿತು. ಬಾಂಗ್ಲಾದೇಶದ ಅಣುಶಕ್ತಿ ಆಯೋಗದಲ್ಲಿ ದುಡಿದಿದ್ದ ವಿಜ್ಞಾನಿ ಮುಬಾರಕ್ ಅಹ್ಮದ್ ಖಾನ್ ಸೆಣಬಿನ ನಾರಿನಿಂದ ಸೆಲ್ಯುಲೋಸ್ ಬೇರ್ಪಡಿಸಿ, ಪಾಲಿಥೀನಿನಂತೆಯೇ ತೆಳ್ಳಗೆ, ಪಾರದರ್ಶಕವಾಗಿ ಕಾಣುವ ಹಾಳೆ ಮಾಡಿದರು. ಸೆಣಬನ್ನು ಬಂಗಾಳಿಗಳು ಚಿನ್ನದ ನಾರು ಎಂದು ಕರೆಯುತ್ತಾರೆ. ಹಾಗಾಗಿ ಇದಕ್ಕೆ ಸೋನಾಲಿ ಬ್ಯಾಗ್ ಎಂದು ಹೆಸರಾಯಿತು. 2017ರಲ್ಲಿ ಢಾಕಾದ ಡೆಮ್ರಾದಲ್ಲಿರುವ ಲತೀಫ್ ಬಾವಾನಿ ಗಿರಣಿಯಲ್ಲಿ ಪ್ರಾಯೋಗಿಕ ತಯಾರಿಕೆ ತೊಡಗಿತು. ವಿದೇಶಗಳಿಂದ ವಿಚಾರಣೆಗಳು ಬಂದವು, ಪತ್ರಿಕೆಗಳು ಬರೆದವು. ಆದರೆ ಯಂತ್ರಗಳು ಬೇಕು, ಯಂತ್ರಕ್ಕೆ ಬಂಡವಾಳ ಬೇಕು. ಅಂಗಡಿಯ ಕಳ್ಳ ಪಾಲಿಥೀನಿಗೆ ಹೋಲಿಸಿದರೆ ಬೆಲೆ ಹಲವು ಪಟ್ಟು. 2020ರ ಜುಲೈಯಲ್ಲಿ ಬಾಂಗ್ಲಾದೇಶ ಸರಕಾರ ತನ್ನ ಒಡೆತನದ 25 ಸೆಣಬಿನ ಗಿರಣಿಗಳನ್ನು ಒಮ್ಮೆಗೇ ಮುಚ್ಚಿತು. ಸುಮಾರು 25 ಸಾವಿರ ಖಾಯಂ ಕಾರ್ಮಿಕರು ಕೆಲಸ ಕಳೆದುಕೊಂಡರು. ಕಾಗದದ ಮೇಲಿದ್ದ 2002ರ ನಿಷೇಧವನ್ನು ಮತ್ತೆ ಜಾರಿಗೊಳಿಸಲು 2024ರ ಅಕ್ಟೋಬರ್‌ನಲ್ಲಿ ದೊಡ್ಡ ಅಂಗಡಿಗಳಿಂದ, ನವೆಂಬರ್‌ನಲ್ಲಿ ತರಕಾರಿ ಮಾರುಕಟ್ಟೆಗಳಿಂದ ಹೊಸದಾಗಿ ಆರಂಭಿಸಬೇಕಾಯಿತು.

ಕೊಳೆಯಿಸುವ ದಾರಿ ಹೀಗಾದರೆ, ಎಸೆದದ್ದನ್ನೇ ಮತ್ತೆ ಬಳಸುವ ದಾರಿಯ ಕತೆ ಏನು? ಬಾಟಲಿಗಳ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ ಒಂದರಿಂದ ಏಳರವರೆಗಿನ ಒಂದು ಅಂಕೆ ಇರುವುದನ್ನು ನೋಡಿರುತ್ತೇವೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಅದನ್ನು ತಂದಿತು. ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೇ ಹೇಳುತ್ತದೆ. ಆದರೆ ಜನರು ಅದನ್ನು ಇದು ಮರುಬಳಕೆಯಾಗುತ್ತದೆ ಎಂಬ ಭರವಸೆಯೆಂದೇ ಓದಿದರು, ಹಾಗೆ ಓದಿದ್ದರಿಂದ ಉದ್ಯಮಕ್ಕೆ ನಷ್ಟವೇನೂ ಆಗಲಿಲ್ಲ. 2017ರಲ್ಲಿ ರೋಲಂಡ್ ಗಾಯರ್ ಮತ್ತು ಸಂಗಡಿಗರು ಹಾಕಿದ ಲೆಕ್ಕದಂತೆ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್. ಮರುಬಳಕೆಯಾದದ್ದು ಆ ಕಸದ ಶೇಕಡಾ 9 ಮಾತ್ರ. ಪಾಶ್ಚಾತ್ಯರು ಶ್ರದ್ಧೆಯಿಂದ ಬೇರ್ಪಡಿಸಿ ಕೊಟ್ಟದ್ದರ ದೊಡ್ಡ ಪಾಲು ಹಡಗೇರಿ ಚೀನಕ್ಕೆ ಹೋಗುತ್ತಿತ್ತು. 2018ರ ಆರಂಭದಲ್ಲಿ ಚೀನ ಬಾಗಿಲು ಮುಚ್ಚಿದಾಗಲೇ ಅದು ಎಲ್ಲರಿಗೂ ತಿಳಿದದ್ದು.

ನಮ್ಮಲ್ಲಿ ಈ ಕೆಲಸವನ್ನು ಗುಜರಿಯವರು, ಚಿಂದಿ ಆಯುವವರು ಯಾವ ತ್ರಿಕೋನದ ಸಹಾಯವೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಮುದುಡಿದಾಗಿನ ಸದ್ದು ಕೇಳಿ, ನೀರಿನಲ್ಲಿ ತೇಲಿಸಿ, ಅಂಚಿಗೆ ಕಡ್ಡಿ ಗೀರಿ ವಾಸನೆ ನೋಡಿ ಅವರು ಜಾತಿ ಗುರುತಿಸಬಲ್ಲರು. ಸರಕಾರದ ನಿಯಮಗಳಲ್ಲಿ ಬರುವ ಮೈಕ್ರಾನ್ ಲೆಕ್ಕದ ಮರ್ಮವೂ ಇವರಲ್ಲೇ ಇದೆ. 1999ರಲ್ಲಿ ಚೀಲ ಕನಿಷ್ಠ 20 ಮೈಕ್ರಾನ್ ದಪ್ಪವಿರಬೇಕೆಂದು ಕೇಂದ್ರ ಸರಕಾರ ಹೇಳಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಕೊನೆಗೆ 120. ದಪ್ಪವಾದರೆ ಚೀಲ ಕೊಳೆಯುತ್ತದೆಂದಲ್ಲ. ಗಾಳಿಗೆ ಹಾರುವ ತೆಳು ಚೀಲವನ್ನು ಬಗ್ಗಿ ಎತ್ತಿದರೆ ಆಯುವವರಿಗೆ ಕೂಲಿ ಹುಟ್ಟುವುದಿಲ್ಲ. ಸ್ವಲ್ಪ ತೂಕವಿದ್ದರೆ ಯಾರಾದರೂ ಎತ್ತಿಯಾರು ಎಂಬುದು ಅದರ ಹಿಂದಿರುವ ಲೆಕ್ಕ. ಇಡೀ ದೇಶದ ಪ್ಲಾಸ್ಟಿಕ್ ನೀತಿ ಆ ಬೆನ್ನು ಬಗ್ಗುವುದರ ಮೇಲೆ ನಿಂತಿದೆ ಎಂಬುದನ್ನು ಗೆಜೆಟ್ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ತೆಳು ಚೀಲಕ್ಕೆ ಬೇರೆ ದಾರಿ ಹುಡುಕಿದವರು ಬೆಂಗಳೂರಿನವರೇ. ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು ಪಾಲಿಥೀನ್ ಚೀಲ ತಯಾರಿಸುತ್ತಿದ್ದ ಉದ್ಯಮಿಗಳು. ತಾವು ಮಾಡಿದ ಚೀಲದ ಬಗ್ಗೆ ಊರೆಲ್ಲ ದೂರುವುದನ್ನು ಕೇಳಿ, ಹರಿದ ಚೀಲಗಳನ್ನು ಕತ್ತರಿಸಿ ರಸ್ತೆಯ ಡಾಮರಿಗೆ ಬೆರೆಸಿದರೇನೆಂದು ಯೋಚಿಸಿದರು. ಡಾಮರೂ ಪೆಟ್ರೋಲಿಯಂನ ಕೂಸು, ಪಾಲಿಥೀನೂ ಅದರದೇ ಕೂಸು. ಎರಡೂ ಹೊಂದಿಕೊಂಡವು. ಬೆಂಗಳೂರು ವಿಶ್ವವಿದ್ಯಾಲಯದ ಹೆದ್ದಾರಿ ತಜ್ಞರು ಪರೀಕ್ಷಿಸಿ, ಡಾಮರಿನ ತೂಕದ ಶೇಕಡಾ 8ರಷ್ಟು ಬೆರೆಸಿದರೆ ಮಿಶ್ರಣ ಹೆಚ್ಚು ಗಟ್ಟಿಯಾಗುತ್ತದೆಂದು ಕಂಡರು. 2002ರ ಸುಮಾರಿಗೆ ಬೆಂಗಳೂರಿನ ಬೀದಿಗಳಲ್ಲಿ ಅದರ ಬಳಕೆ ಶುರುವಾಯಿತು. ಅದೇ ಕಾಲಕ್ಕೆ ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ ರಾಜಗೋಪಾಲನ್ ವಾಸುದೇವನ್ ಇನ್ನೊಂದು ವಿಧಾನ ಕಂಡುಕೊಂಡರು. ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಚೆಲ್ಲಿದರೆ ಅದು ಕರಗಿ ಕಲ್ಲಿಗೆ ತೆಳುವಾದ ಲೇಪವಾಗುತ್ತದೆ, ಆಮೇಲೆ ಡಾಮರು ಹಾಕುವುದು. ನೀರು ಒಳಗಿಳಿಯದೆ ಗುಂಡಿ ಬೀಳುವುದು ಕಡಿಮೆಯಾಗುತ್ತದೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಸುತ್ತ 50 ಕಿ.ಮೀ. ವ್ಯಾಪ್ತಿಯ ರಸ್ತೆಗಳ ನವೀಕರಣದಲ್ಲಿ ಕಸದ ಪ್ಲಾಸ್ಟಿಕ್ ಬಳಸಬೇಕೆಂದು 2015ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಸೂಚಿಸಿತ್ತು.

ಈ ರಸ್ತೆಗಳ ಬಗ್ಗೆ ನನಗೆ ಗೌರವವಿದೆ. ಯಾರೂ ಮುಟ್ಟದ ಕಸಕ್ಕೆ ಅವು ಬೆಲೆ ತಂದವು. ಆದರೂ ಇದನ್ನು ಮರುಬಳಕೆ ಎನ್ನುವುದಕ್ಕಿಂತ ಕೊನೆಯ ಬಳಕೆ ಎನ್ನುವುದು ಸರಿ. ರಸ್ತೆಗೆ ಸೇರಿದ ಚೀಲ ಮತ್ತೆ ಚೀಲವಾಗದು. ಟಯರಿಗೆ ಸವೆದಾಗ ಅದರ ಸೂಕ್ಷ್ಮ ಕಣಗಳು ಎಲ್ಲಿಗೆ ಹೋಗುತ್ತವೆ ಎಂಬ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಪಿವಿಸಿಯಂತಹ ಜಾತಿಯನ್ನು ಬೆರೆಸಿದರೆ ಬಿಸಿಗೆ ವಿಷಾನಿಲ ಏಳುತ್ತದೆ. ಆದ್ದರಿಂದ ಇಲ್ಲೂ ಮೊದಲು ಆರಿಸುವ ಕೈಗಳು ಬೇಕು.

ನಿಜವಾಗಿ ಹೊಸದು ಎನ್ನಬಹುದಾದ ಬೆಳವಣಿಗೆ 2016ರದ್ದು. ಜಪಾನಿನ ಸಕಾಯಿ ನಗರದ ಬಾಟಲಿ ಮರುಬಳಕೆಯ ಜಾಗದಲ್ಲಿ ಸಂಗ್ರಹಿಸಿದ ಮಾದರಿಗಳಲ್ಲಿ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು, ಅಂದರೆ ಪೆಟ್‌ಅನ್ನು, ತಿಂದು ಬದುಕುವ ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ಇಡಿಯೊನೆಲ್ಲ ಸಕಾಯೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಪೆಟ್‌ನ ಸರಪಳಿಯಲ್ಲಿಯೂ ಆಮ್ಲಜನಕದ ಕೊಂಡಿಗಳಿವೆ, ಹಾಗಾಗಿ ಕಿಣ್ವಕ್ಕೆ ಸಂದು ಸಿಗುತ್ತದೆ. ತೆಳು ಹಾಳೆಯೊಂದನ್ನು ಮುಗಿಸಲು ಅದು ಆರು ವಾರ ತೆಗೆದುಕೊಂಡಿತು. 2020ರಲ್ಲಿ ಫ್ರಾನ್ಸಿನ ಕಾರ್ಬಿಯೋಸ್ ಕಂಪನಿ ಮತ್ತು ಟೂಲೂಸ್‌ನ ವಿಜ್ಞಾನಿಗಳು ಬೇರೊಂದು ಕಿಣ್ವವನ್ನು ತಿದ್ದಿ, 72 ಡಿಗ್ರಿ ಉಷ್ಣತೆಯಲ್ಲಿ 10 ಗಂಟೆಗಳೊಳಗೆ ಪೆಟ್‌ನ ಶೇಕಡಾ 90ರಷ್ಟನ್ನು ಮೂಲವಸ್ತುಗಳಾಗಿ ಬಿಡಿಸಿ ತೋರಿಸಿದರು. ಆ ಮೂಲವಸ್ತುಗಳಿಂದ ಮತ್ತೆ ಹೊಸ ಬಾಟಲಿಯನ್ನೇ ಮಾಡಬಹುದು. ಸ್ವಾರಸ್ಯವೆಂದರೆ ಆ ಕಿಣ್ವದ ಮೂಲ ಪ್ರಯೋಗಾಲಯವಲ್ಲ. ಜಪಾನಿನಲ್ಲಿ ತರಗೆಲೆಗಳ ಗೊಬ್ಬರದಿಂದ ಹೆಕ್ಕಿದ್ದು ಅದು. ಎಲೆಯ ಮೇಲಿನ ಮೇಣದ ಪದರವನ್ನು ಕೊಳೆಯಿಸುವ ಕೆಲಸ ಅದರದ್ದು. ಆದರೆ ಇಲ್ಲೂ ಹಳೆಯ ಲೆಕ್ಕವೇ ಎದುರಾಗಿದೆ. ಹೊಸ ಪೆಟ್ ಅಗ್ಗವಾಗಿಯೇ ಸಿಗುತ್ತದೆ. ಫ್ರಾನ್ಸಿನ ಲಾಂಗ್ಲವಿಲ್‌ನಲ್ಲಿ ಕಟ್ಟಬೇಕಾಗಿದ್ದ ಮೊದಲ ಕಾರ್ಖಾನೆಯ ಕೆಲಸವನ್ನು ಹಣ ಹೊಂದಿಸಲಾಗದೆ 2024ರ ಕೊನೆಯಲ್ಲಿ ಮುಂದೂಡಲಾಯಿತು. ಇನ್ನು ಪಾಲಿಥೀನ್ ಚೀಲಕ್ಕೆ ಈ ಕಿಣ್ವಗಳು ಏನೂ ಮಾಡಲಾರವು.

ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿದೆ. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಪ್ರಮಾಣಪತ್ರ ಪಡೆದ ಚೀಲಗಳಿಗೆ ಕೇಂದ್ರದ ನಿಯಮದಲ್ಲಿ ದಪ್ಪದ ಕಟ್ಟುಪಾಡಿನಿಂದ ವಿನಾಯಿತಿ ಇದೆ. ಆ ಪ್ರಮಾಣಪತ್ರಕ್ಕಾಗಿ ನಡೆಯುವ ಪರೀಕ್ಷೆ ಬಿಸಿಯಾದ ದೊಡ್ಡ ಗೊಬ್ಬರ ಘಟಕವನ್ನು ಗಮನದಲ್ಲಿಟ್ಟುಕೊಂಡದ್ದು. ಚೀಲ ಬೀಳುವುದು ಮಾತ್ರ ಮಾವಳ್ಳಿಪುರ, ಮಂಡೂರಿನಂತಹ ಊರುಗಳ ತಲೆಯ ಮೇಲೆ. ಬೆಂಗಳೂರಿನ ಕಸ ಹೊತ್ತು ಸಾಕಾಗಿ ಮಾವಳ್ಳಿಪುರದವರು 2012ರಲ್ಲಿ ಲಾರಿಗಳನ್ನು ತಡೆದಾಗ ರಾಜಧಾನಿಯ ಬೀದಿಗಳೆಲ್ಲ ನಾರತೊಡಗಿದವು. ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂಬ ನಿಯಮಕ್ಕೆ ಜೀವ ಬಂದದ್ದು ಆಮೇಲೆ. ವಾರ್ಡುಗಳಲ್ಲಿ ಒಣಕಸ ಕೇಂದ್ರಗಳು ತೆರೆದವು. ಚಿಂದಿ ಆಯುತ್ತಿದ್ದವರಿಗೆ ಅಂದಿನ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟಿತು. ಹಲವರು ಅಂತಹ ಕೇಂದ್ರಗಳನ್ನು ನಡೆಸುವವರೂ ಆದರು.

ಅಂತಹ ಒಂದು ಕೇಂದ್ರಕ್ಕೆ ನನ್ನ ಎಲೆಚಿತ್ರದ ಚೀಲವನ್ನು ತೊಳೆದು ಒಯ್ದಿದ್ದೆ. ಕಸ ಆರಿಸುತ್ತಿದ್ದ ಹೆಂಗಸು ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಬದಿಗೆಸೆದರು. ಪಾಲಿಥೀನಿನ ಜೊತೆ ಇದು ಸೇರಿದರೆ ಕರಗಿಸುವಾಗ ಇಡೀ ಮೂಟೆ ಕೆಡುತ್ತದೆ, ಮೂಟೆ ಕೆಟ್ಟರೆ ಕೊಳ್ಳುವವರು ಹಣ ಮುರಿದುಕೊಳ್ಳುತ್ತಾರೆ ಎಂದರು. ಹಸಿಕಸದ ಗಾಡಿಯವರೂ ಇದನ್ನು ಪ್ಲಾಸ್ಟಿಕ್ಕೆಂದೇ ವಾಪಸು ಕೊಡುತ್ತಾರಂತೆ. ಅವರ ಸುತ್ತ ಹಾಲಿನ ಕವರಿಗೊಂದು, ಬಾಟಲಿಗೊಂದು, ಮುಚ್ಚಳಕ್ಕೊಂದು, ಎಣ್ಣೆ ಪ್ಯಾಕೆಟಿಗೊಂದು ಎಂದು ಹತ್ತಾರು ಚೀಲಗಳು ಬಾಯಿ ತೆರೆದು ನಿಂತಿದ್ದವು. ಇದನ್ನು ಹಾಕಲು ಅವುಗಳಲ್ಲಿ ಒಂದೂ ಇರಲಿಲ್ಲ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.